ನಾಲ್ಕನೇ ವಾರ್ಡಿನ ಬಾವಿ

ಹಂಡೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ವಿನೋದಾ ಹಗ್ಗವನ್ನು ಎಡಗೈಗೆ ಒಂದು ಸುತ್ತು ಸುತ್ತಿಕೊಂಡು ಕೊಡವನ್ನು ಮತ್ತೆ ಬಾವಿಗೆ ಇಳಿಬಿಟ್ಟಳು. ರಾಟೆ ಕಿರ್ರೆಂದಿತು. ಕೊಡ ನೀರಿಗೆ ತಾಗಿ, ಓರೆಯಾಗಿ, ಗುಳುಗುಳು ಸದ್ದು ಮಾಡಿ ಮುಳುಗಿತು. ಒದ್ದೆಯಾದ ಮಡಿಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಕೊಡ ಮೇಲೆ ಬಂದಾಗ ಅದರ ಕತ್ತಿನ ಸುತ್ತ ಬಿಳಿ ನೊರೆಯ ಒಂದು ತೆಳು ಬಳೆ. ಅವಳು ಅಂಗೈಯಿಂದ ಆ ನೊರೆಯನ್ನು ಸವರಿ ಬಾಳೆಗಿಡದ ಬುಡಕ್ಕೆ ಕೊಡವಿ, ಆಮೇಲೆ ನೀರನ್ನು ಹಂಡೆಗೆ ಸುರಿದಳು. ಹೀಗೆ ಮಾಡುವುದು ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಈಚೀಚೆಗೆ ಮಾಡಿದ್ದು ಅವಳ ಗಮನಕ್ಕೇ ಬರುತ್ತಿರಲಿಲ್ಲ.

ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಅತ್ತೆ ಗೋದಾಬಾಯಿ ಹತ್ತಿಯನ್ನು ಹಿಂಜಿ ಗೆಜ್ಜೆವಸ್ತ್ರ ಮಾಡುತ್ತ ಕುಳಿತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕಣ್ಣು ಮಂಜಾಗಿದ್ದರೂ ಬೆರಳುಗಳಿಗೆ ಹತ್ತಿಯ ಲೆಕ್ಕ ತಪ್ಪುತ್ತಿರಲಿಲ್ಲ.

“ಬೇಗ ಬೇಗ ಎಳಿಯೇ ಕೌನ್ಸಿಲರಮ್ಮ. ಕೊಡ ಎತ್ತೋದಕ್ಕೂ ಓಟು ಹಾಕಿಸ್ಬೇಕಾ?”

“ನೀವೇ ಅಧ್ಯಕ್ಷರು ಅತ್ತೆ. ನೀವು ಬೆಲ್ ಹೊಡೀರಿ, ನಾನು ಎಳೀತೀನಿ.”

ಒಳಬಾಗಿಲಲ್ಲಿ ನಿಂತಿದ್ದ ಮಗಳು ಚಿನ್ಮಯಿ ನಕ್ಕಳು. ಕಾಲೇಜಿನ ಹುಡುಗಿ, ಮನೆಯವರ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಾತ್ರ ತಮಿಳು. “ಮೋಟಾರ್ ಇರ್ಕೇ ಅಮ್ಮಾ. ಸ್ವಿಚ್ ಪೋಟ್ಟಾ ಮುಡಿಞ್ಜುದು” ಎಂದಳು. ಮೋಟಾರ್ ಇದೆಯಲ್ಲ, ಸ್ವಿಚ್ ಹಾಕಿದರೆ ಮುಗಿಯಿತು.

“ಮೋಟಾರಿಗೆ ಮಡಿ ಉಡಿಸೋಕೆ ಆಗತ್ತೇನೇ? ನೀನು ಉಡಿಸಿಕೊಡು, ಆಮೇಲೆ ಅದೇ ಎಳೀಲಿ” ಎಂದರು ಗೋದಾಬಾಯಿ. “ಅಲ್ಲೇ ನಿಂತ್ಕೋ. ಅಮ್ಮನ್ನ ಮುಟ್ಟೀಯ.”

ನಾಳೆ ನರಕ ಚತುರ್ದಶಿ. ಇವತ್ತು ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತಿ, ಬಾವಿಯ ನೀರು ತುಂಬಿ, ಆ ನೀರಿಗೆ ಗಂಗೆಯೆಂದು ಪೂಜೆ ಮಾಡಿ ಬೆಳಗಿನ ಜಾವ ಎಣ್ಣೆನೀರು ಹಾಕಿಕೊಳ್ಳುವುದು ಈ ಮನೆಯಲ್ಲಿ ಎಂದೂ ತಪ್ಪಿಲ್ಲ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದ ದಿನಗಳಲ್ಲಿ ಗೋದಾಬಾಯಿ ಪಕ್ಕದ ಬೀದಿಯ ಬಾವಿಯಿಂದ ಹೊತ್ತು ತರುತ್ತಿದ್ದರಂತೆ. ಮಾಧವರಂ ದಾಟಿ ಅಲ್ಲಿಯೇರಿ ಎಂಬ ಕೆರೆಯ ದಂಡೆಯ ಈ ಕಾಲನಿಯಲ್ಲಿ ಮಗ ಜಾಗ ಕೊಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಬಾವಿ ತೋಡಿದರೆ ನೀರು ಸಿಗುತ್ತದೆಯೇ? ಸಿಕ್ಕಿತು. ಕೈ ಚಾಚಿದರೆ ಮುಟ್ಟುವಷ್ಟು ಮೇಲೆ, ಎಳನೀರಿನಂಥ ನೀರು. ಅಷ್ಟು ದೊಡ್ಡ ಕೆರೆ ಹಿತ್ತಿಲ ಗೋಡೆಯಾಚೆಗೇ ಇತ್ತಲ್ಲ! ಒಂದು ದಂಡೆಯಲ್ಲಿ ನಿಂತರೆ ಆಚೆ ದಂಡೆಯ ಎಮ್ಮೆಗಳು ಇರುವೆಗಳ ಹಾಗೆ ಕಾಣುತ್ತಿದ್ದವು. ಕೆರೆ ಏರಿದರೆ ಬಾವಿ ಏರುತ್ತಿತ್ತು, ಕೆರೆ ಇಳಿದರೆ ಬಾವಿ ಇಳಿಯುತ್ತಿತ್ತು. ನಲ್ಲಿಯ ನೀರು, ಲಾರಿಯ ನೀರು ಯಾರು ಯಾರೋ ಮುಟ್ಟಿದ ನೀರು. ದೇವರ ಅಭಿಷೇಕಕ್ಕೆ, ಅಡುಗೆಗೆ, ತಮ್ಮ ಬಾಯಿಗೆ ಗೋದಾಬಾಯಿಗೆ ಬಾವಿಯ ನೀರೇ ಆಗಬೇಕು.

ಆ ನೀರನ್ನು ಎಳೆಯುವ ಕೈ ಮಾತ್ರ ವಿನೋದಾಳದು.

ಅವಳು ಕೌನ್ಸಿಲರಾದದ್ದು ತಾನು ಬಯಸಿ ಅಲ್ಲ. ಮೂರು ವರ್ಷದ ಹಿಂದೆ, ಪಟ್ಟಣ ಪಂಚಾಯಿತಿಯ ಚುನಾವಣೆಗೆ ನಾಲ್ಕನೇ ವಾರ್ಡು ಹೆಂಗಸರಿಗೆ ಮೀಸಲಾಯಿತು. ಕಾಲನಿಯ ಸಂಘದ ಕಾರ್ಯದರ್ಶಿ ಅವಳ ಗಂಡ ಸಂಜೀವರಾಯರು. ರೈಲ್ವೆ ವರ್ಕ್‌ಷಾಪಿನ ಆಫೀಸಿನಲ್ಲಿ ಕೆಲಸ, ಎಲ್ಲರಿಗೂ ಬೇಕಾದವರು. ರಸ್ತೆಗೆ ದೀಪ ಹಾಕಿಸಿದವರು, ಬಸ್ಸು ತರಿಸಿದವರು. ಅವರು ನಿಲ್ಲಬೇಕಾಗಿದ್ದ ಜಾಗದಲ್ಲಿ ಇವಳು ನಿಂತಳು. ಜನ ಅವರಿಗೆ ಹಾಕುವ ಓಟನ್ನು ಇವಳಿಗೆ ಹಾಕಿದರು. ಸಭೆಯ ದಿನ ರಾಯರು ರಜೆ ಹಾಕಿ ಜೊತೆಗೆ ಬರುತ್ತಿದ್ದರು. ಇವಳೊಬ್ಬಳಿಗೇ ಅಲ್ಲ, ಎಲ್ಲ ಹೆಂಗಸು ಸದಸ್ಯರಿಗೂ ಹೀಗೇ. ಅವರೆಲ್ಲ ಹಿಂದಿನ ಸಾಲಿನಲ್ಲಿ ಕೂರುವುದು, ಗೋಡೆಯ ಪಕ್ಕದ ಬೆಂಚಿನಲ್ಲಿ ಗಂಡಂದಿರು ಕೂರುವುದು. ಒಬ್ಬ ಗಂಡ ಕೆಮ್ಮುತ್ತಿದ್ದ. ಇನ್ನೊಬ್ಬ ಪೇಪರು ಮಡಿಸುತ್ತಿದ್ದ. ಸಂಜೀವರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಅವರು ಕನ್ನಡಕ ಒರೆಸಿದರೆ ವಿನೋದಾ ಕೈ ಎತ್ತಬೇಕು, ಒರೆಸದಿದ್ದರೆ ಕೈ ಮಡಿಲಲ್ಲೇ ಇರಬೇಕು. ಮಾತಾಡಬೇಕಾದಾಗ ಅವರೇ ತಮಿಳಿನಲ್ಲಿ ಭಾಷಣ ಯೋಚಿಸಿ, ಅವಳಿಗೆ ತಮಿಳು ಓದು ನಿಧಾನವೆಂದು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದುಕೊಡುತ್ತಿದ್ದರು. ಅವಳು ಒಪ್ಪವಾಗಿ ಓದುತ್ತಿದ್ದಳು. ಭಾಷಣ ಚೆನ್ನಾಗಿತ್ತು ಎಂದು ಎಲ್ಲರೂ ಹೊಗಳುತ್ತಿದ್ದರು, ಸಂಜೀವರಾಯರನ್ನು.

ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಮೇಜಿಗೆ ಎದುರಾಗಿ, ಯಾವಾಗಲೂ ಒಂದೆರಡು ಕುರ್ಚಿ ಖಾಲಿ ಇರುತ್ತಿದ್ದವು. ಅಲ್ಲಿ ಕೂತರೆ ಗೋಡೆಯ ಬೆಂಚು ಬೆನ್ನ ಹಿಂದೆ ಹೋಗಿಬಿಡುತ್ತಿತ್ತು.

“ಆಯ್ತೇನೇ ಅರ್ಧ?” ಎಂದರು ಗೋದಾಬಾಯಿ.

“ಆಯ್ತು ಅತ್ತೆ.”

“ಹಿಂದಿನ ವರ್ಷ ಹಗ್ಗ ಸಾಲದೆ ಇನ್ನೊಂದು ಹಗ್ಗ ಗಂಟು ಹಾಕಿದ್ವಿ. ಈ ಸಲ ವಾಸಿ.”

ಹಿಂದಿನ ವರ್ಷದ ಮಾತು ಬಂದರೆ ವಿನೋದಾಳ ಮೂಗಿಗೆ ಮೀನಿನ ವಾಸನೆಯೇ ಬರುತ್ತಿತ್ತು. ಆ ಬೇಸಿಗೆಯಲ್ಲಿ ಮದರಾಸಿಗೆ ಮದರಾಸೇ ಕೊಡ ಹಿಡಿದು ಬೀದಿಯಲ್ಲಿ ನಿಂತಿತ್ತು. ಅಲ್ಲಿಯೇರಿ ಬತ್ತಿ, ಕೊನೆಗೆ ನಡುವೆ ಒಂದು ಕರೀ ಮಡು ಉಳಿದು, ಅದರಲ್ಲಿದ್ದ ಮೀನೆಲ್ಲ ಒಂದು ದಿನ ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲಾಗಿ ತೇಲಿತು. ಆ ಮೀನನ್ನು ಎತ್ತುವವರು ಯಾರು? ಕೆರೆಯ ಬಡಗಣ ದಂಡೆ ಮುನಿಸಿಪಾಲಿಟಿಯದು, ಪಶ್ಚಿಮದ್ದು ಪಟ್ಟಣ ಪಂಚಾಯಿತಿಯದು, ತೂಬು ಕೋಡಿಗಳಿರುವ ತೆಂಕಣ ಭಾಗ ಹಳ್ಳಿಯ ಪಂಚಾಯಿತಿಯದು. ಸತ್ತ ಮೀನು ನಮ್ಮ ಎಲ್ಲೆಯೊಳಗಿಲ್ಲ ಎಂದು ಮೂವರೂ ಹೇಳಿದರು. ಗಾಳಿ ತಿರುಗಿದಂತೆ ಮೀನಿನ ರಾಶಿ ಒಂದು ಊರಿನಿಂದ ಇನ್ನೊಂದು ಊರಿಗೆ ತೇಲಿ ಹೋಗುತ್ತಿತ್ತು. ಆಯಾ ಊರಿನವರು ಬರೀ ಮೂಗು ಮುಚ್ಚಿಕೊಂಡು ಕೂತರು. ವಾರದ ಮೇಲೆ ಒಂದು ಮಗುವಿಗೆ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದಾಗ, ಮೂರೂ ಕಡೆಯ ಅಧ್ಯಕ್ಷರು ಮೊದಲ ಸಲ ಕೋಡಿಯ ಕಲ್ಲಿನ ಮೇಲೆ ಮುಖಾಮುಖಿ ಕೂತರು.

ಆವತ್ತಿನಿಂದ ಶುರುವಾದ ಮಾತು ಒಂದು ವರ್ಷ ಎಳೆದು, ಜಗಳವಾಡಿ, ಮುರಿದು, ಮತ್ತೆ ಕೂಡಿ, ಒಂದು ಒಪ್ಪಂದಕ್ಕೆ ಬಂದಿತ್ತು. ಮುನಿಸಿಪಾಲಿಟಿ ತನ್ನ ದೊಡ್ಡ ಮೋರಿಯನ್ನು ಕೆರೆಗೆ ಬಿಡದೆ ಪೈಪು ಹಾಕಿ ಬೇರೆ ಕಡೆ ಶುದ್ಧ ಮಾಡಬೇಕು. ಹಳ್ಳಿಯವರು ಕೆರೆಯಂಗಳದ ಬಾವಿಗಳಿಂದ ಲಾರಿಗೆ ನೀರು ಮಾರುವುದನ್ನು ನಿಲ್ಲಿಸಬೇಕು. ಪಟ್ಟಣ ಪಂಚಾಯಿತಿ ತನ್ನ ಕಾಲನಿಗಳಿಂದ ಕೆರೆಗೆ ಬೀಳುವ ಪೈಪುಗಳನ್ನೆಲ್ಲ ಅಗೆದು ಮುಚ್ಚಬೇಕು. ಮೂರೂ ಸಭೆಗಳು ಒಂದೇ ಠರಾವನ್ನು ಒಂದಕ್ಷರ ಬದಲಿಸದೆ ಪಾಸು ಮಾಡಬೇಕು. ಒಬ್ಬರು ಒಂದು ಸಾಲು ತೆಗೆದರೂ ಉಳಿದಿಬ್ಬರೂ ಬಿಡುಗಡೆ. ಯಾರೂ ಯಾರನ್ನೂ ನಂಬುತ್ತಿರಲಿಲ್ಲವಾದ್ದರಿಂದ ಹಾಗೆ ಕಟ್ಟು ಹಾಕಿಕೊಂಡಿದ್ದರು. ಮುನಿಸಿಪಾಲಿಟಿಯಲ್ಲಿ ಪಾಸಾಗಿತ್ತು. ಹಳ್ಳಿಯಲ್ಲೂ ಪಾಸಾಗಿತ್ತು. ಪಟ್ಟಣ ಪಂಚಾಯಿತಿಯ ಸಭೆ ಬರುವ ಸೋಮವಾರ. ಪರ ಇರುವವರು, ವಿರೋಧ ಇರುವವರು ಸಮಸಮ. ನಾಲ್ಕನೇ ವಾರ್ಡು ಯಾವ ಕಡೆ ಎಂಬುದೊಂದೇ ಬಾಕಿ.

ವಿನೋದಾ ಮತ್ತೊಂದು ಕೊಡ ಇಳಿಬಿಟ್ಟಳು. ಬಾವಿಯ ತಳದಲ್ಲಿ ಆಕಾಶದ ತುಂಡೊಂದು ಅಲುಗಾಡಿ ಚೂರಾಯಿತು. ಪ್ರತಿದಿನ ಹೀಗೆ ಬಗ್ಗಿದಾಗ ಅವಳು ಮೊದಲು ನೋಡುವುದು ನೀರಿನ ಬಣ್ಣವನ್ನು. ಈ ವರ್ಷ ಆಡಿ ತಿಂಗಳ, ಅಂದರೆ ಆಷಾಢದ ಹೊತ್ತಿನ, ಒಂದು ದಿನದಿಂದ ಬಂದ ಅಭ್ಯಾಸ ಅದು.

ಆ ದಿನ ಮೂರೂ ಊರಿನವರು ಸೇರಿ ಕೆರೆಯ ಸುತ್ತ ನಡೆದು, ಎಲ್ಲಿಂದ ಏನು ಬೀಳುತ್ತಿದೆ ಎಂದು ನೋಡುವುದೆಂದು ಗೊತ್ತಾಗಿತ್ತು. ವರ್ಕ್‌ಷಾಪಿನಲ್ಲಿ ಏನೋ ತಪಾಸಣೆ. ಸಂಜೀವರಾಯರಿಗೆ ರಜೆ ಸಿಗಲಿಲ್ಲ. ವಿನೋದಾ ಒಬ್ಬಳೇ ಹೊರಟಳು. ಹಿಂದಿನ ದಿನವೇ ಮುನಿಸಿಪಾಲಿಟಿಯ ಎಂಜಿನಿಯರು ಹಸಿರು ಪುಡಿಯ ಒಂದು ಪೊಟ್ಟಣ ತೋರಿಸಿ, ಯಾರಾದರೂ ಒಬ್ಬರು ಮುಂದೆ ಬಂದು ತಮ್ಮ ಮನೆಯ ಬಚ್ಚಲಿಗೂ ಕಕ್ಕಸಿಗೂ ಸುರಿದರೆ ನೀರಿನ ದಾರಿ ತಿಳಿಯುತ್ತದೆ, ವಿಷವೇನೂ ಅಲ್ಲ ಎಂದಿದ್ದರು. ಯಾರೂ ಕೈ ಚಾಚಲಿಲ್ಲ. ವಿನೋದಾ ಚಾಚಿದಳು. ತಮ್ಮ ಮನೆಯ ನೀರು ಸೆಪ್ಟಿಕ್ ಟ್ಯಾಂಕಿಗೆ ಹೋಗಿ, ಅಲ್ಲಿಂದ ಇಂಗುಗುಂಡಿಗೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತಲ್ಲ. ಮನೆ ಕಟ್ಟಿದಾಗಿನಿಂದ ರಾಯರು ಹಾಗೇ ಹೇಳಿದ್ದರು. ಕೌನ್ಸಿಲರ ಮನೆಯಿಂದಲೇ ಶುರುವಾಗಲಿ ಎಂದು ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಬೆಳಗ್ಗೆ ಪುಡಿ ಸುರಿದು, ಬಕೆಟ್ಟುಗಟ್ಟಲೆ ನೀರು ಹೊಯ್ದು, ಬೇರೆ ಸೀರೆ ಉಟ್ಟು ದಂಡೆಯ ಮೇಲೆ ಹೋಗಿ ನಿಂತಳು.

ಕಾಲನಿಯ ಹಿಂದೆ, ಸೀಮೆಜಾಲಿ ಪೊದೆಯ ಬುಡದಲ್ಲಿ ಒಂದು ಸಿಮೆಂಟ್ ಪೈಪಿನ ಬಾಯಿ ಕಂಡಿತು. ಅದರಿಂದ ಕರೀ ನೀರು ಸಣ್ಣಗೆ ಇಳಿಯುತ್ತಿತ್ತು. “ಇದು ಮಳೆನೀರಿಂದು. ನಮ್ಮವರೇ ಹಾಕಿಸಿದ್ದು” ಎಂದಳು ವಿನೋದಾ. ಅವಳು ಹೇಳಿ ಮುಗಿಸಿ ಸ್ವಲ್ಪ ಹೊತ್ತಾಗಿರಬಹುದು. ಕರೀ ನೀರಿನ ನಡುವೆ ಒಂದು ಎಳೆ ಬಣ್ಣ ತಿರುಗಿತು. ಎಳೆ ದಪ್ಪವಾಯಿತು. ಗಿಳಿಯ ರೆಕ್ಕೆಯ ಹಸಿರು, ಎಲ್ಲೂ ಸುಳ್ಳು ಹೇಳಲು ಆಗದಂಥ ಹಸಿರು, ಕೆಸರಿನ ಮೇಲೆ ಹರಡಿಕೊಂಡು ಕೆರೆಯ ಕಡೆಗೆ ನಡೆಯಿತು.

ಉಳಿದವರು ಇನ್ನೂ ಹಿಂದಿನ ಮೋರಿಯ ಹತ್ತಿರವೇ ಇದ್ದರು; ಎಂಜಿನಿಯರು ಪಟ್ಟಿಯಲ್ಲಿ ಇದೂ ಒಂದು ಪೈಪು ಎಂದಷ್ಟೇ ಬರೆದುಕೊಂಡರು. ಅವಳ ಪಕ್ಕದಲ್ಲಿದ್ದವಳು ಹಳ್ಳಿ ಪಂಚಾಯಿತಿಯ ಅಧ್ಯಕ್ಷೆ ಗುಣವತಿ. ನಲವತ್ತರ ಹೆಂಗಸು, ಎತ್ತರದ ಆಳು, ಗಟ್ಟಿ ದನಿ. ಅವಳ ಗಂಡ ಯಾವ ಸಭೆಗೂ ಬರುತ್ತಿರಲಿಲ್ಲ, ಬರಬೇಡ ಎಂದು ಅವಳೇ ಹೇಳಿದ್ದಳಂತೆ. ಅಂಥವಳು ಹತ್ತಿರ ಸರಿದಳು. ತನ್ನ ಕೈಲಿದ್ದ ಕೊಡೆಯನ್ನು ವಿನೋದಾಳ ತಲೆಯ ಮೇಲೆ ಹಿಡಿದಳು, ಬಿಸಿಲಿಗೆ ಎಂಬಂತೆ.

ಸಂಜೆ ರಾಯರು ಮನೆಗೆ ಬಂದಾಗ ವಿನೋದಾ ಕೇಳಿದಳು. ಅವರು ಶೂ ಬಿಚ್ಚುತ್ತಿದ್ದವರು ಹಾಗೇ ಕುಳಿತರು. ಆಮೇಲೆ ಹೇಳಿದರು. ಮನೆಗೆ ಬಂದ ಮೊದಲ ಮಳೆಗಾಲವೇ ಇಂಗುಗುಂಡಿ ತುಂಬಿ ಕಕ್ಕಸು ಹಿಂದಕ್ಕೆ ಉಕ್ಕಿತ್ತು. ಕೆರೆಯ ಪಕ್ಕದ ಜೇಡಿಮಣ್ಣು, ಕೆಳಗೆ ನೀರು. ಗುಂಡಿ ಇಂಗುವುದಾದರೂ ಎಲ್ಲಿಗೆ? ಎಲ್ಲ ಮನೆಗಳಲ್ಲೂ ಹಾಗೇ. ಅಮ್ಮ ಊಟ ಬಿಟ್ಟಿದ್ದರು. ರಾಯರು ಒಂದೇ ವಾರದಲ್ಲಿ ಮೇಸ್ತ್ರಿಯನ್ನು ಹಿಡಿದು, ಗುಂಡಿಗಳನ್ನು ಮುಚ್ಚಿಸಿ, ಎಲ್ಲ ಮನೆಗಳದ್ದನ್ನೂ ಕೂಡಿಸಿ ಕೆರೆಗೆ ಪೈಪು ಹಾಕಿಸಿದರು. ಹೊಸ ಗುಂಡಿ ಆಳಕ್ಕೆ ತೋಡಿಸಿದ್ದೇನೆ, ಪೈಪು ಮಳೆನೀರಿಗೆ ಎಂದು ಕಾಲನಿಗೆ ಹೇಳಿದರು. ಕಾಲನಿ ಅವರಿಗೆ ಶಾಲು ಹೊದಿಸಿತು. ಆ ಶಾಲು ಇವತ್ತಿಗೂ ಬೀರುವಿನಲ್ಲಿ ನ್ಯಾಫ್ತಲಿನ್ ಗುಳಿಗೆಯ ಜೊತೆ ಇತ್ತು.

“ಬಾವಿ?” ಎಂದಿದ್ದಳು ವಿನೋದಾ.

“ಬಾವಿಗೇನು? ಇಷ್ಟು ವರ್ಷ ಕುಡಿದಿಲ್ವಾ? ಕೆರೆ ದೊಡ್ಡದು. ಮಣ್ಣು ಸೋಸತ್ತೆ.” ಆಮೇಲೆ ದನಿ ತಗ್ಗಿಸಿ, “ಅಮ್ಮನ ಕಿವೀಗೆ ಬೀಳೋ ಹಾಗಿಲ್ಲ. ನೀರೇ ಬಿಟ್ಟುಬಿಡ್ತಾಳೆ. ಈ ವಯಸ್ಸಲ್ಲಿ ಅವಳನ್ನ ಕೊಲ್ತೀಯಾ?” ಎಂದಿದ್ದರು.

ಅಂದಿನಿಂದ ಅವಳು ದಿನವೂ ಬಾವಿಗೆ ಬಗ್ಗಿ ಹಸಿರನ್ನು ಹುಡುಕಿದಳು. ಹಸಿರು ಬರಲಿಲ್ಲ. ರಾಯರು ಗೆದ್ದವರ ಹಾಗೆ ನಕ್ಕರು. ಬಣ್ಣವನ್ನು ಮಣ್ಣು ಹಿಡಿದಿಟ್ಟುಕೊಂಡಿರಬಹುದು, ಆದರೆ ಕೆರೆಯಲ್ಲಿ ಮತ್ತೆ ಸ್ವಲ್ಪ ನೀರು ನಿಂತಮೇಲೆ ನೊರೆ ಬಂತು. ಆಮೇಲೆ ಅತ್ತೆಗೆ ಹೊಟ್ಟೆ ಕೆಟ್ಟು, ಹಾಸಿಗೆ ಹಿಡಿದು, ಏಳುವಷ್ಟರಲ್ಲಿ ಮೈ ಹಂಚಿಕಡ್ಡಿಯಾಗಿತ್ತು. “ಯಾವ ನೀರು ಕುಡೀತಾರೆ?” ಎಂದು ಡಾಕ್ಟರು ಕೇಳಿದಾಗ ವಿನೋದಾ ಬಾಯಿ ತೆರೆಯುವ ಮೊದಲೇ “ಮೆಟ್ರೋ ವಾಟರ್, ನಲ್ಲೀದು” ಎಂದವರು ರಾಯರು. ಅಡುಗೆಯ ನೀರನ್ನೂ ಕುಡಿಯುವ ನೀರನ್ನೂ ಅವಳು ಕಾಯಿಸತೊಡಗಿದಳು. ದೇವರ ತೀರ್ಥವನ್ನು ಕಾಯಿಸುವುದು ಹೇಗೆ? ಬಾವಿಯಿಂದ ತಂದ ಹಾಗೇ ಸಾಲಿಗ್ರಾಮದ ಮೇಲೆ ಎರೆದ ಆ ನೀರನ್ನು ಅತ್ತೆ ಪ್ರತಿದಿನ ಮೂರು ಉದ್ಧರಣೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಅಂಗೈಗೆ ಹಾಕುವುದು ಮಗ. ರಾಯರೂ ತೆಗೆದುಕೊಳ್ಳುತ್ತಿದ್ದರು, ಕಣ್ಣಿಗೊತ್ತಿಕೊಂಡು.

ಹೋದ ವಾರ ಮಾಧವರಂ ಬಸ್ ಸ್ಟ್ಯಾಂಡಿನ ಹೂವಿನಂಗಡಿಯ ಹತ್ತಿರ ಗುಣವತಿ ಸಿಕ್ಕಿದ್ದಳು.

“ಅಕ್ಕಾ, ನಮ್ಮ ಊರಲ್ಲಿ ಪಾಸಾಯ್ತು” ಎಂದಳು ತಮಿಳಿನಲ್ಲಿ. “ಮೊದಲು ನಿಲ್ಲಿಸಿದ್ದು ಯಾರ ಲಾರಿ ಗೊತ್ತಾ? ನನ್ನ ತಮ್ಮನದ್ದು. ದೀಪಾವಳಿಗೆ ತವರಿನ ಸೀರೆ ಈ ಸಲ ಇಲ್ಲ. ನನ್ನ ಮನೆ ಮುಂದೆ ಹಾದು ಹೋದರೂ ಆ ಕಡೆ ಮುಖ ತಿರುಗಿಸಿಕೊಂಡು ಹೋಗ್ತಾನೆ, ದೇವರಿಲ್ಲದ ಗುಡಿ ಮುಂದೆ ಹೋದ ಹಾಗೆ.”

“ಬೇಜಾರಾಗಲ್ವಾ?” ಎಂದಳು ವಿನೋದಾ.

“ಆಗದೆ? ಎತ್ತಿ ಆಡಿಸಿದ ಹುಡುಗ.” ಗುಣವತಿ ಮಲ್ಲಿಗೆಯ ಮೊಳವನ್ನು ಮೂಸಿ, ಅಂಗಡಿಯವನಿಗೆ ವಾಪಸು ಕೊಟ್ಟು, ಇನ್ನೊಂದನ್ನು ಆರಿಸಿದಳು. “ನಿಮ್ಮ ಪೈಪಿನ ವಿಷಯ ನಾನು ಎಲ್ಲೂ ಆಡಿಲ್ಲ. ಆಡೋದೂ ಇಲ್ಲ. ನೀವೇ ಆಡಬೇಕು.” ಹಾಗೆಂದು ಬಸ್ಸು ಹತ್ತಿಬಿಟ್ಟಳು.

ಹಂಡೆ ಕಂಠದವರೆಗೆ ಬಂತು. ವಿನೋದಾ ಕೊನೆಯ ಕೊಡದ ನೊರೆಯನ್ನು ಸವರಿ ತೆಗೆದು, ನೀರು ಸುರಿದು, ಹಗ್ಗವನ್ನು ಸುತ್ತಿಟ್ಟಳು. ಹಾಗಲಬಳ್ಳಿಯನ್ನು ಹಂಡೆಯ ಕುತ್ತಿಗೆಗೆ ಕಟ್ಟುತ್ತಿದ್ದಾಗ ಬೀದಿಯ ಗೇಟಿನ ಸದ್ದಾಯಿತು. ಸಂಜೀವರಾಯರು ಒಂದು ಕೈಯಲ್ಲಿ ಪಟಾಕಿಯ ಚೀಲ, ಇನ್ನೊಂದರಲ್ಲಿ ಮಡಿಸಿದ ಹಾಳೆ ಹಿಡಿದು ಹಿತ್ತಿಲ ಬಾಗಿಲವರೆಗೆ ಬಂದು, ಅವಳು ಮಡಿಯಲ್ಲಿದ್ದದ್ದು ಕಂಡು ದೂರ ನಿಂತರು.

“ಬರೆದಿದ್ದೀನಿ” ಎಂದರು. “ಜಾಸ್ತಿ ಇಲ್ಲ. ಠರಾವಿಗೆ ನಮ್ಮ ಬೆಂಬಲ ಇದೆ, ಆದರೆ ನಾಲ್ಕನೇ ವಾರ್ಡಿನ ಪೈಪು ಬರೀ ಮಳೆನೀರಿಂದು, ಅದನ್ನ ಬಿಟ್ಟು ಪಾಸು ಮಾಡಬೇಕು ಅಂತ. ಅಷ್ಟು ಓದಿ ಕೂತುಬಿಡು. ಆಮೇಲೆ ನಾನು ಹೇಳಿದಾಗ ಕೈ ಎತ್ತು.”

“ನಮ್ಮದನ್ನ ಬಿಟ್ಟರೆ ಅವರಿಬ್ಬರೂ ಕೈ ಬಿಡ್ತಾರೆ. ಒಪ್ಪಂದವೇ ಮುರಿಯತ್ತೆ.”

“ಮುರೀಲಿ. ನಮ್ಮಿಂದ ಮುರಿದ ಹಾಗೆ ಕಾಣಲ್ಲ. ಎರಡು ವರ್ಷ ಬಿಟ್ಟು ಮತ್ತೆ ಮಾಡ್ತಾರೆ. ಅಷ್ಟರಲ್ಲಿ ನಾನು ರಿಟೈರ್ ಆಗಿರ್ತೀನಿ, ಏನಾದ್ರೂ ದಾರಿ ನೋಡೋಣ.” ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ಸ್ವಲ್ಪ ಬೇಡಿಕೆಯೂ ಇತ್ತು. “ರಸ್ತೆ ಅಗೆದರೆ ಗುಂಡಿ ಇಲ್ಲದ್ದು ಎಲ್ಲರಿಗೂ ಗೊತ್ತಾಗತ್ತೆ ವಿನೋದಾ. ನಾನು ಯಾವ ಮುಖ ಇಟ್ಕೊಂಡು ಬೀದೀಲಿ ಓಡಾಡ್ಲಿ?”

ಅವರ ಮೇಲೆ ಅವಳಿಗೆ ಕನಿಕರವಿತ್ತು. ಆ ಮಳೆಗಾಲ ಅವಳಿಗೂ ನೆನಪಿತ್ತು. ರಾತ್ರಿ ಹಗಲು ಮಳೆಯಲ್ಲಿ ನಿಂತು ಪೈಪು ಹಾಕಿಸಿ ಬಂದ ಗಂಡನ ಕಾಲಿಗೆ ಬಿಸಿನೀರು ಹೊಯ್ದವಳು ಅವಳೇ. ಆಗ ಕೇಳಬಹುದಿತ್ತು, ಮಳೆನೀರಿಗೆ ಇಷ್ಟು ಅವಸರವೇಕೆ ಎಂದು. ಮನೆಯ ವಾಸನೆ ಹೋಯಿತಲ್ಲ ಎಂಬ ನೆಮ್ಮದಿಯಲ್ಲಿ ಆ ಪ್ರಶ್ನೆ ಹುಟ್ಟಲೇ ಇಲ್ಲ.

“ಪೂಜೆಗೆ ಹೊತ್ತಾಯ್ತು, ಕಾಲು ತೊಳ್ಕೊಂಡು ಬಾರೋ ಸಂಜೀವ” ಎಂದು ಗೋದಾಬಾಯಿ ಕರೆದರು.

ಮುಸ್ಸಂಜೆ. ಆಚೆ ಬೀದಿಯಲ್ಲಿ ಆಗಲೇ ಪಟಾಕಿ ಶುರುವಾಗಿತ್ತು. ಹಂಡೆಯ ಮುಂದೆ ರಂಗೋಲಿ, ಎರಡು ಹಣತೆ. ಚಾತುರ್ಮಾಸ್ಯದ ದ್ವಿದಳ ವ್ರತವಾದ್ದರಿಂದ ಮನೆಯಲ್ಲಿ ಬೇಳೆ ಕಾಳು ಇಲ್ಲ. ಎಳ್ಳುಂಡೆ ಮತ್ತು ಕೊಬ್ಬರಿ ಸಕ್ಕರೆ ನೈವೇದ್ಯ. ಗೋದಾಬಾಯಿ ಗೆಜ್ಜೆವಸ್ತ್ರವನ್ನು ಮಗನ ಕೈಲಿ ಕೊಟ್ಟರು. ರಾಯರು ಅದನ್ನು ಹಂಡೆಗೆ ಏರಿಸಿ, ಗಂಗೆ ಯಮುನೆ ಗೋದಾವರಿಯರನ್ನು ಕರೆದು, ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದರು. ಹಂಡೆಯ ನೀರಿನಲ್ಲಿ ದೀಪ ನಡುಗಿತು. ಆಮೇಲೆ ಅದರಿಂದಲೇ ಒಂದು ಬಟ್ಟಲು ನೀರು ತೆಗೆದು ತುಳಸಿ ಹಾಕಿ ಅಮ್ಮನ ಅಂಗೈಗೆ ಹಾಕಿದರು.

ಗೋದಾಬಾಯಿ ಕುಡಿದರು. ಎರಡನೆಯ ಉದ್ಧರಣೆಗೆ ಕೈ ಚಾಚಿದವರು, ಚಾಚಿದ ಹಾಗೇ ಸ್ವಲ್ಪ ಹೊತ್ತು ಇದ್ದರು.

“ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ ಕಣೋ” ಎಂದರು. “ನನ್ನ ಬಾಯಿ ಕೆಟ್ಟುಹೋಗಿದೆ.”

“ಯಾಕಮ್ಮ? ಹಲ್ಲು ನೋವಾ?”

“ಹಲ್ಲೆಲ್ಲಿದೆ ನೋಯೋದಕ್ಕೆ. ನಾಲಗೆ.” ಅವರು ನಗಲು ನೋಡಿದರು. “ಆ ಹೊಟ್ಟೆ ಕೆಟ್ಟಾಗಿನಿಂದ ತೀರ್ಥ ಬಾಯಿಗೆ ಹಾಕ್ಕೊಂಡ್ರೆ ಕೆಟ್ಟ ವಾಸನೆ ಬರತ್ತೆ. ಗಂಗೆಗೆ ವಾಸನೆ ಅನ್ನಬಹುದೇನೋ? ಇವಳು ಪಾಪ, ಬೆನ್ನು ಮುರ್ಕೊಂಡು ಮಡೀಲಿ ಎಳೀತಾಳೆ. ನೀರಲ್ಲಿ ಏನು ದೋಷ ಇರತ್ತೆ? ನನ್ನಲ್ಲೇ ಇರ್ಬೇಕು. ಏನು ಪಾಪ ಮಾಡಿದ್ನೋ, ಹೋಗೋ ಕಾಲಕ್ಕೆ ದೇವರ ನೀರೇ ನನಗೆ ಹೊಲಸಾಗಿ ಕಾಣತ್ತೆ. ಗುರುಗಳ ಹತ್ರ ಏನಾದ್ರೂ ಪ್ರಾಯಶ್ಚಿತ್ತ ಇದ್ಯಾ ಕೇಳಿ ಬಾ.”

ಬಾಗಿಲಲ್ಲಿ ನಿಂತಿದ್ದ ಚಿನ್ಮಯಿ ಕೈಲಿದ್ದ ಮೊಬೈಲನ್ನು ಕೆಳಗಿಳಿಸಿದಳು. ವಿನೋದಾ ಗಂಡನ ಮುಖ ನೋಡಿದಳು. ಈಗ ಹೇಳುತ್ತಾರೆ ಎಂದುಕೊಂಡಳು. ಹೇಳದೆ ಹೇಗಿರುತ್ತಾರೆ, ಹೆತ್ತ ತಾಯಿ ಅಂಗೈ ಚಾಚಿ ಕೂತಿದ್ದಾಳೆ. ಅವರ ತುಟಿ ಅಲುಗಿತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಪಾಪವೂ ಇಲ್ಲ ಗೀಪವೂ ಇಲ್ಲಮ್ಮ” ಎಂದರು. “ವಯಸ್ಸು. ವಯಸ್ಸಾದರೆ ನಾಲಗೆ ಹಾಗೇ ಆಗತ್ತೆ.”

“ಹಾಗಂತೀಯಾ?”

“ಹೂಂ.”

ಗೋದಾಬಾಯಿ ತಲೆಯಾಡಿಸಿದರು, ಮಗ ಹೇಳಿದ ಮೇಲೆ ಮುಗಿಯಿತು ಎಂಬಂತೆ. ಎರಡನೆಯ ಉದ್ಧರಣೆ ತೆಗೆದುಕೊಂಡರು. ಮೂರನೆಯದನ್ನೂ. ಕೊನೆಗೆ ಒದ್ದೆ ಅಂಗೈಯನ್ನು ನೆತ್ತಿಗೆ ಸವರಿಕೊಂಡು, “ಮಳೆ ಬರೋ ಹಾಗಿದೆ, ಹಂಡೆಗೆ ತಟ್ಟೆ ಮುಚ್ಚೇ” ಎಂದು ವಿನೋದಾಳಿಗೆ ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ರಾಯರು ಮಡಿಸಿದ ಹಾಳೆಯನ್ನು ದೇವರ ಮನೆಯ ಗೂಡಿನಲ್ಲಿ, ಪಂಚಾಂಗದ ಕೆಳಗೆ ಇಟ್ಟರು. “ಹಬ್ಬ ಮುಗಿಸಿ ಒಂದ್ಸಲ ಓದ್ಕೋ. ಕೆಲವು ಕಡೆ ನಿಲ್ಲಿಸಿ ಓದಬೇಕು, ಗೆರೆ ಹಾಕಿದ್ದೀನಿ” ಎಂದರು.

“ಆಗಲಿ” ಎಂದಳು ವಿನೋದಾ.

ಅವಳೊಬ್ಬಳೇ ಹಿತ್ತಿಲಲ್ಲಿ ಉಳಿದಳು. ದೊಡ್ಡ ಹಿತ್ತಾಳೆ ತಟ್ಟೆಯನ್ನು ತಂದು ಹಂಡೆಯ ಮೇಲೆ ಮುಚ್ಚಬೇಕು. ಮುಚ್ಚುವ ಮೊದಲು ಬಗ್ಗಿ ನೋಡಿದಳು. ಹಣತೆಯ ಬೆಳಕಿನಲ್ಲಿ ನೀರು ತಿಳಿಯಾಗಿಯೇ ಕಾಣುತ್ತಿತ್ತು. ಅಂಚಿನಲ್ಲಿ, ಕುಂಕುಮದ ಪಕ್ಕ, ಅವಳ ಕಣ್ಣು ತಪ್ಪಿಸಿ ಉಳಿದ ಒಂದಿಷ್ಟು ನೊರೆ. ಸವರಿ ತೆಗೆಯಲು ಕೈ ತಾನಾಗಿ ಮುಂದೆ ಹೋಯಿತು. ಅಲ್ಲೇ ತಡೆದಳು. ನೊರೆ ಅಲ್ಲೇ ಇರಲಿ ಎಂದು ಬಿಟ್ಟಳು.

ಇಷ್ಟು ತಿಂಗಳೂ ತಾನು ಮಾಡಿದ್ದು ಇದನ್ನೇ ಅಲ್ಲವೇ? ನೀರಿನ ತಪ್ಪನ್ನು ಯಾರಿಗೂ ಕಾಣದಂತೆ ಕೈಯಿಂದ ಒರೆಸಿದ್ದು. ಅವರು ಪೈಪನ್ನು ಮಣ್ಣಿನ ಕೆಳಗೆ ಮುಚ್ಚಿದರು, ತಾನು ಬಾವಿಯ ಬಾಯಲ್ಲಿ ಮುಚ್ಚಿದೆ. ನಡುವೆ ಮುದುಕಿಯೊಬ್ಬಳು ತನ್ನ ನಾಲಗೆಯನ್ನು, ತನ್ನ ಪುಣ್ಯವನ್ನು ಅನುಮಾನಿಸುತ್ತ ಕೂತಳು. ನಿಜ ಗೊತ್ತಾದರೆ ಅತ್ತೆ ಈ ಬಾವಿಯ ನೀರು ಬಿಡುತ್ತಾರೆ, ಅದು ಖಂಡಿತ. ಅಳುತ್ತಾರೆ, ಮಗನ ಮೇಲೆ ರೇಗುತ್ತಾರೆ, ಉಪವಾಸ ಕೂರುತ್ತಾರೆ. ಆದರೆ ತನ್ನ ಬಾಯಿ ಸರಿಯಿದೆ ಎಂದು ತಿಳಿದು ಕೂರುತ್ತಾರೆ.

ಗೋಡೆಯಾಚೆ ಕೆರೆ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಹಳ್ಳಿಯ ಕಡೆಯಿಂದ ಒಂದು ಬಾಣ ಮೇಲೆ ಹೋಗಿ ಒಡೆಯಿತು. ಒಂದು ಕ್ಷಣ ನೀರೆಲ್ಲ ಹೊಳೆದು, ಮೂರೂ ಊರಿನ ದಂಡೆಗಳು ಒಂದೇ ಬಳೆಯ ಹಾಗೆ ಕಂಡು, ಮತ್ತೆ ಕತ್ತಲಾಯಿತು.

ಅವಳ ಕಣ್ಣಿಗೆ ಪಂಚಾಯಿತಿಯ ಸಭಾಂಗಣ ಬಂತು. ಹಿಂದಿನ ಸಾಲಿನ ತನ್ನ ಕುರ್ಚಿ, ಗೋಡೆಯ ಪಕ್ಕದ ಬೆಂಚು, ಕೆಮ್ಮು, ಪೇಪರಿನ ಸರಸರ. ಮುಂದಿನ ಸಾಲಿನ ಖಾಲಿ ಕುರ್ಚಿಗಳಲ್ಲಿ ಒಂದರ ಕೈ ಸೀಳಿತ್ತು, ಸೀರೆ ಸಿಕ್ಕಿಕೊಳ್ಳಬಹುದು. ಅದರ ಪಕ್ಕದ್ದು ಸರಿಯಾಗಿತ್ತು. ಸೋಮವಾರ ಸ್ವಲ್ಪ ಮುಂಚೆ ಹೋಗಿ ಅದರಲ್ಲಿ ಕೂರಬೇಕು. ಅಲ್ಲಿ ಕೂತರೆ ಹಿಂದೆ ಯಾರು ಕನ್ನಡಕ ಒರೆಸಿದರೂ ಕಾಣುವುದಿಲ್ಲ. ಹಾಳೆ ಗೂಡಿನಲ್ಲೇ ಇರಲಿ. ಅಧ್ಯಕ್ಷರು ಠರಾವನ್ನು ಇದ್ದ ಹಾಗೇ ಓದಿ, ಒಪ್ಪುವವರು ಯಾರು ಎಂದು ಕೇಳುತ್ತಾರೆ. ಕೈ ಎತ್ತಲು ತಮಿಳು ಓದಬೇಕಾಗಿಲ್ಲ. ಆಮೇಲೆ ಮನೆಗೆ ಬಂದು, ಬೇರೆ ಯಾರ ಬಾಯಿಂದಲೂ ಕೇಳುವ ಮೊದಲು, ಅತ್ತೆಯ ಪಕ್ಕ ಕೂತು ಹೇಳಬೇಕು.

“ಅಮ್ಮಾ, ಎನ್ನ ಯೋಚನೆ?” ಚಿನ್ಮಯಿ ಬಾಗಿಲಿಂದ ಕೇಳಿದಳು. ಏನು ಯೋಚನೆ?

“ಏನಿಲ್ಲ ಕಣೇ. ಬೆಳಗ್ಗೆ ಬೇಗ ಎದ್ದು ಎಣ್ಣೆ ಕಾಯಿಸಬೇಕು” ಎಂದಳು ವಿನೋದಾ.

ತಟ್ಟೆಯನ್ನು ಹಂಡೆಗೆ ಮುಚ್ಚಿ, ಹಣತೆಗಳಿಗೆ ಇನ್ನಷ್ಟು ಎಣ್ಣೆ ಹಾಕಿ, ಅವಳು ಒಳಗೆ ಹೋದಳು.